ರಬ್ಬಿ ಹೆಷೆಲರ ಪ್ರವಾದಿ ಮೀಮಾಂಸೆ

1965ರ ಮಾರ್ಚ್ 21ರಂದು ಅಮೆರಿಕದ ಅಲಬಾಮಾ ಸಂಸ್ಥಾನದ ಸೆಲ್ಮಾ ನಗರದಿಂದ ಕರಿಯ ಜನರ ಮತದಾನದ ಹಕ್ಕಿಗಾಗಿ ಕಾಲ್ನಡಿಗೆಯ ಮೆರವಣಿಗೆಯೊಂದು ಹೊರಟಿತು. ಅದರ ಮುಂದಿನ ಸಾಲಿನಲ್ಲಿ, ಮಾರ್ಟಿನ್ ಲೂಥರ್ ಕಿಂಗರೊಡನೆ, ನರೆತ ಗಡ್ಡದ ಯೆಹೂದ್ಯ ಪಂಡಿತರೊಬ್ಬರು ಕೊರಳಲ್ಲಿ ಹೂಮಾಲೆ ಧರಿಸಿ ನಡೆದರು. ರಬ್ಬಿ ಅಬ್ರಹಾಂ ಜೋಷುವ ಹೆಷೆಲರ ಆ ಛಾಯಾಚಿತ್ರವನ್ನು ಕಂಡವರು ಅಸಂಖ್ಯ. 1962ರಲ್ಲಿ ಹೊರಬಂದ ಅವರ ‘ದಿ ಪ್ರಾಫೆಟ್ಸ್’ ಗ್ರಂಥವನ್ನು ಓದಿದವರು ವಿರಳ. ಆದರೆ ಆ ನಡಿಗೆಯ ಅರ್ಥವಿರುವುದು ಈ ಗ್ರಂಥದಲ್ಲಿಯೇ.

ಗ್ರಂಥಕ್ಕೆ ಎರಡು ಜನ್ಮಗಳುಂಟು. 1907ರಲ್ಲಿ ವಾರ್ಸಾದಲ್ಲಿ ಜನಿಸಿದ ಹೆಷೆಲರು ಬರ್ಲಿನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧವು 1936ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ಅಲ್ಲಿ ಸಂಶೋಧಕನು ತಟಸ್ಥನು. 1938ರಲ್ಲಿ ನಾಜಿ ಸರ್ಕಾರವು ಅವರನ್ನು ದೇಶದಿಂದ ಹೊರದೂಡಿತು. ಯುದ್ಧಕಾಲದಲ್ಲಿ ಅವರು ತಾಯಿಯನ್ನೂ ಸೋದರಿಯರನ್ನೂ ಕಳೆದುಕೊಂಡರು. ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಮತ್ತೆ ವಿಸ್ತರಿಸಿ ಬರೆದಾಗ, ನಿಷ್ಪಕ್ಷಪಾತವೂ ಒಂದು ಪಕ್ಷಪಾತವಾಗಬಹುದೆಂಬ ಶಂಕೆಯನ್ನು ಪೀಠಿಕೆಯಲ್ಲಿಯೇ ಮುಂದಿಟ್ಟರು. ವಿದ್ವಾಂಸನೊಬ್ಬನು ತನ್ನ ಯೌವನದ ವಿಧಾನವನ್ನು ಹೀಗೆ ತಾನೇ ಪ್ರಶ್ನಿಸಿಕೊಳ್ಳುವುದು ಸಾಮಾನ್ಯವಲ್ಲ.

ತೆಕೋವದ ಕುರುಬ ಆಮೋಸನು ತಕ್ಕಡಿಯ ಮೋಸಕ್ಕೂ, ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರುವ ಕ್ರೌರ್ಯಕ್ಕೂ ಸಿಡಿದೇಳುತ್ತಾನೆ. ರಾಜ್ಯಗಳ ಏಳುಬೀಳುಗಳ ಮುಂದೆ ಇವು ಅಲ್ಪ ಸಂಗತಿಗಳೆಂದು ಲೋಕ ಭಾವಿಸುತ್ತದೆ. ಪ್ರವಾದಿಗೆ ಹಾಗಲ್ಲ, ಸಂತೆಯಲ್ಲಿ ನಡೆದ ವಂಚನೆಯೂ ಅವನಿಗೆ ಪ್ರಳಯಸದೃಶ. (ಸಾಲಪತ್ರಗಳನ್ನು ಓದಿ ಬಲ್ಲವರಿಗೆ ಈ ಮಾತು ಬೇಗ ನಾಟೀತು.) ಇದಕ್ಕೆ ಹೆಷೆಲರು ಕೊಡುವ ಕಾರಣವೇ ಗ್ರಂಥದ ಹೃದಯ. ಅರಿಸ್ಟಾಟಲನ ದೇವರು ಎಲ್ಲವನ್ನೂ ಚಲಿಸುವಂತೆ ಮಾಡಿ ತಾನು ಅಚಲನಾಗಿರುವವನು. ಪ್ರವಾದಿಗಳ ದೇವರು ಮನುಷ್ಯನ ನಡತೆಯಿಂದ ನೋಯುವವನು. ಆ ನೋವಿಗೆ ಅವರಿಟ್ಟ ಹೆಸರು ‘ಪೇಥಾಸ್’. ‘ಕರುಣೆ’ಯೆಂದರೆ ಅದರೊಳಗಣ ಕೋಪ ಜಾರಿಹೋಗುತ್ತದೆ, ‘ತಳಮಳ’ವೆಂದರೆ ಗಾಂಭೀರ್ಯ ಕುಗ್ಗುತ್ತದೆ. ಕನ್ನಡದಲ್ಲಿ ಪದವನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಳ್ಳುವುದು ಲೇಸು.

ಆಮೋಸ, ಹೋಶೇಯ, ಯೆರೆಮೀಯರನ್ನು ಕುರಿತ ಅಧ್ಯಾಯಗಳು ಕಾವ್ಯದಂತೆ ಓದಿಸಿಕೊಳ್ಳುತ್ತವೆ. ಆವೇಶ, ಉನ್ಮಾದ, ಕವಿಸ್ಫೂರ್ತಿಗಳಿಂದ ಪ್ರವಾದಿತ್ವವನ್ನು ಬೇರ್ಪಡಿಸುವ ಉತ್ತರಭಾಗವು ಖಂಡನಮಂಡನಗಳ ಭಾರದಿಂದ ಬಳಲುತ್ತದೆ. ಕರ್ಮತತ್ತ್ವದೊಡನೆ ಮಾಡಿದ ಹೋಲಿಕೆಯಂತೂ ಭಾರತೀಯ ವಾಚಕನಿಗೆ ತೃಪ್ತಿ ಕೊಡದು: ಕರ್ಮವನ್ನು ನಿರ್ಜೀವ ನಿಯಮವೆಂದು ಬಗೆದು, ಭಕ್ತನ ಸಂಕಟಕ್ಕೆ ಮಿಡಿಯುವ ಭಕ್ತಿಪಂಥಗಳ ದೇವರಿಗೆ ತಕ್ಕ ಸ್ಥಾನವನ್ನು ಅವರು ಕೊಟ್ಟಿಲ್ಲ.

ಸ್ವಮತೀಯರಿಂದಲೂ ಆಕ್ಷೇಪ ಬಂದಿತು. ದೇವರಿಗೆ ಮನುಷ್ಯನ ಭಾವಗಳನ್ನು ಅಕ್ಷರಶಃ ಆರೋಪಿಸುವುದು ಸಲ್ಲದೆಂದು ರಬ್ಬಿ ಎಲಿಯೇಜರ್ ಬರ್ಕೊವಿಟ್ಸ್ 1964ರಲ್ಲಿ ವಾದಿಸಿದರು. ಮೈಮೋನಿಡೀಸನಿಂದ ಬಂದ ಪರಂಪರೆಯನ್ನು ನೆನೆದರೆ ಈ ಆಕ್ಷೇಪ ಹಗುರವಾದುದಲ್ಲ. ತರ್ಕದ ನೆಲೆಯಲ್ಲಿ ಹೆಷೆಲರು ಅದನ್ನು ಪೂರ್ತಿಯಾಗಿ ನಿವಾರಿಸಿದ್ದಾರೆಂದು ಹೇಳಲಾಗದು. ಆದರೆ ದೇವರು ನೋಯುತ್ತಾನೆಂದು ನಂಬಿದವನಿಗೆ ಅಧ್ಯಯನಪೀಠದಲ್ಲಿ ಕುಳಿತಿರುವುದು ಕಷ್ಟ. ಸೆಲ್ಮಾದಲ್ಲಿ ತಮ್ಮ ಕಾಲುಗಳೇ ಪ್ರಾರ್ಥಿಸಿದಂತಾಯಿತೆಂದು ಅವರು ಆಮೇಲೆ ಹೇಳಿಕೊಂಡುದು ಅಲಂಕಾರವಲ್ಲ, ಗ್ರಂಥದ ಪ್ರಮೇಯವೇ. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಕಿಂಗರು ವಿಯೆಟ್ನಾಂ ಯುದ್ಧವನ್ನು ಖಂಡಿಸಿದಾಗ, ಅದೇ ಸಭೆಯಲ್ಲಿ ಹೆಷೆಲರೂ ಮಾತನಾಡಿದರು.