ಹಿಮ್ಮೇಳದ ಶೋಕ: ರಿವಾಯತ್ ಗಾಯನ ಮತ್ತು ವೇದಿಕೆ

ಉತ್ತರ ಕರ್ನಾಟಕದ ಮೊಹರಂ ಆಚರಣೆಯಲ್ಲಿ ಮೇಳಗಳು ಹಾಡುವ ರಿವಾಯತ್ ಪದಗಳಿಗೆ ಕನ್ನಡ ಜನಪದ ಶೋಕಗೀತ ಪರಂಪರೆಯಲ್ಲಿ ವಿಶಿಷ್ಟ ಸ್ಥಾನವಿದೆ. ಅರಬ್ಬಿ ಮೂಲದ ‘ರಿವಾಯತ್’ ಶಬ್ದಕ್ಕೆ ವೃತ್ತಾಂತ, ನಿರೂಪಣೆ ಎಂದರ್ಥ. ಕ್ರಿ.ಶ. 680ರಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಕರ್ಬಲಾದಲ್ಲಿ ಬಂಧುಗಳೊಡನೆ ಹುತಾತ್ಮರಾದ ಪ್ರಸಂಗವೇ ಇವುಗಳ ಮುಖ್ಯ ವಸ್ತು. ಶಿಶುನಾಳ ಶರೀಫರೂ (1819–1889) ಇಂತಹ ಪದಗಳನ್ನು ರಚಿಸಿದ್ದಾರೆ. ಹಾಡುವವರಲ್ಲಿ ಮುಸ್ಲಿಮರಂತೆಯೇ ಹಿಂದೂ ಸಮುದಾಯಗಳವರೂ ಇದ್ದಾರೆ. ತಮ್ಮ ಕುಲಕ್ಕೂ ನಾಡಿಗೂ ಸೇರದವರ ಸಾವಿಗೆ ಒಂದು ಊರು ದುಃಖಿಸುವುದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಇದಕ್ಕೆ ಉತ್ತರವನ್ನು ಮೊದಲು ವಸ್ತುವಿನಲ್ಲಿ ಕಾಣಬಹುದು. ಜನಪದ ಗಾಯಕನಿಗೆ ಕರ್ಬಲಾ ಕೇವಲ ರಣರಂಗವಲ್ಲ; ಅದು ನೀರಿಲ್ಲದೆ ಬಳಲಿದ ಹಸುಗೂಸು ಅಲಿ ಅಸ್ಗರನ ತೊಟ್ಟಿಲು, ಮದುವೆಯ ಸಂಭ್ರಮ ಮುಗಿಯುವ ಮುನ್ನವೇ ಮಡಿದ ಖಾಸಿಮನ ಹಂದರ. ತೊಟ್ಟಿಲು, ಹಂದರಗಳಿಗೆ ಮತಭೇದವಿಲ್ಲ. ದೂರದ ಇತಿಹಾಸ ಹೀಗೆ ಕೇಳುಗನ ಮನೆಯ ಸಂಗತಿಯಾಗುತ್ತದೆ.

ಎರಡನೆಯ ಉತ್ತರ ಗಾಯನಕ್ರಮದಲ್ಲಿದೆ. ಮುಖ್ಯ ಗಾಯಕ ಕಥೆಯನ್ನು ಮುಂದೊಯ್ಯುತ್ತಾನೆ. ಹಿಮ್ಮೇಳ ಪಲ್ಲವಿಗೆ ಮರಳುತ್ತದೆ. ಕಥೆಗೆ ಪುನರುಕ್ತಿ ಬೇಕಿಲ್ಲ, ಶೋಕಕ್ಕೆ ಬೇಕು. ನಿರೂಪಕನದಾಗಿದ್ದ ವಾರ್ತೆ ಪಲ್ಲವಿಯ ಆವರ್ತನದಲ್ಲಿ ಸಮೂಹದ ನೋವಾಗಿ ಮಾರ್ಪಡುತ್ತದೆ. ಅಲಾಯಿ ಕುಣಿಯ ಸುತ್ತ ನಿಂತವರು ಆ ಪಲ್ಲವಿಗೆ ದನಿಗೂಡಿಸಿದಾಗ ಹಾಡುಗ–ಕೇಳುಗ ಭೇದವೂ ಅಳಿಯುತ್ತದೆ.

ಈ ಹಿನ್ನೆಲೆಯಲ್ಲಿ ಉತ್ಸವ ವೇದಿಕೆಗಳ ರಿವಾಯತ್ ಪ್ರದರ್ಶನವನ್ನು ವಿಮರ್ಶಿಸಬೇಕಾಗುತ್ತದೆ. ವೇದಿಕೆ ಈ ಕಲೆಗೆ ಮನ್ನಣೆ ತಂದಿರುವುದು ನಿಜ. ಊರಾಚೆಯ ಕೇಳುಗರನ್ನೂ ಒದಗಿಸಿದೆ. ಆದರೆ ನಿಗದಿತ ನಿಮಿಷಗಳಲ್ಲಿ ಪದ ಮುಗಿಯಬೇಕಾದಾಗ ಮೊದಲು ಕತ್ತರಿ ಬೀಳುವುದು ಪಲ್ಲವಿಯ ಪುನರುಕ್ತಿಗೆ. ಕಥೆ ಉಳಿಯುತ್ತದೆ, ಹೆಜ್ಜೆಯ ಚುರುಕು ಉಳಿಯುತ್ತದೆ. ಅಳುವುದಕ್ಕೆ ಬೇಕಾದ ಅವಕಾಶ ಉಳಿಯುವುದಿಲ್ಲ. ಧ್ವನಿವರ್ಧಕ ಮುಖ್ಯ ಗಾಯಕನ ಮುಂದಷ್ಟೇ ಇದ್ದರೆ ಹಿಮ್ಮೇಳ ಬರಿಯ ಅಲಂಕಾರವಾಗುತ್ತದೆ. ಸಭಿಕರ ಚಪ್ಪಾಳೆ ಶೋಕಪದವನ್ನು ಕೌಶಲದ ಪ್ರದರ್ಶನವಾಗಿ ಮುಕ್ತಾಯಗೊಳಿಸುತ್ತದೆ.

ಆಚರಣೆಯಿಂದ ಬೇರ್ಪಟ್ಟ ಕಲೆ ಅಶುದ್ಧವೆಂಬ ವಾದ ನಮ್ಮದಲ್ಲ. ವೇದಿಕೆಯ ಮೇಲೂ ಹಿಮ್ಮೇಳಕ್ಕೆ ದನಿಯನ್ನೂ ಪಲ್ಲವಿಗೆ ಕಾಲವನ್ನೂ ಕೊಡಬಹುದು. ಸಂಗ್ರಾಹಕರ ಹೊಣೆಯೂ ಇಲ್ಲಿ ದೊಡ್ಡದು. ಮುದ್ರಣದಲ್ಲಿ ಪಲ್ಲವಿಯನ್ನು ಒಮ್ಮೆ ಮಾತ್ರ ಕೊಟ್ಟು ಮುಂದೆ ಕೈಬಿಡುವ ರೂಢಿಯಿಂದ ಪಠ್ಯ ದೊರೆಯುತ್ತದೆ, ಪ್ರಯೋಗ ಮರೆಯಾಗುತ್ತದೆ. ಪಲ್ಲವಿ ಎಷ್ಟು ಸಲ ಮರಳಿತು, ಯಾರು ದನಿಗೂಡಿಸಿದರು ಎಂಬುದೂ ದಾಖಲಾಗಬೇಕು. ಅನ್ಯರ ದುಃಖವನ್ನು ತನ್ನದಾಗಿಸಿಕೊಂಡ ಒಂದು ಸಮುದಾಯದ ಚರಿತ್ರೆ ಆ ಪುನರುಕ್ತಿಯಲ್ಲಿಯೇ ಅಡಗಿದೆ.