ಬೀಜಕೋಶದ ಸಾಕ್ಷ್ಯ: ಒಂದು ವಿಮರ್ಶೆ

೧೯೯೨ರಲ್ಲಿ ಅಮೆರಿಕದ ಆರಿಜೋನಾದಲ್ಲಿ ಸ್ತ್ರೀಯೊಬ್ಬಳ ವಧೆಯಾಯಿತು. ಶವದ ಬಳಿ ಆಪಾದಿತನಲ್ಲಿದ್ದ ಪೇಜರು ದೊರೆಯಿತು. ಅದಕ್ಕೆ ಅವನು ಬೇರೆ ಕಾರಣ ಹೇಳಿ, ತಾನು ಅಲ್ಲಿಗೆ ಹೋಗಿರಲಿಲ್ಲವೆಂದನು. ಆದರೆ ಅವನ ಟ್ರಕ್ಕಿನಲ್ಲಿ ಪಾಲೋ ವರ್ಡೆ ಮರದ ಎರಡು ಬೀಜಕೋಶಗಳಿದ್ದವು.

ಸಸ್ಯತಜ್ಞರು ಡಿ.ಎನ್.ಎ. ಪರೀಕ್ಷಿಸಲು, ಅವು ಶವದೆಡೆಯಲ್ಲಿ ಗೀರು ಬಿದ್ದಿದ್ದ ಮರದೊಡನೆ ಹೊಂದಿದವು. ಪರೀಕ್ಷಿಸಿದ ಅನ್ಯವೃಕ್ಷಗಳಲ್ಲಿ ಒಂದರೊಡನೆಯೂ ಹೊಂದಲಿಲ್ಲ. ಅನ್ವಯವ್ಯತಿರೇಕಗಳೆರಡೂ ಕೂಡಿದ ಹೇತುವಿದು. ಆದರೆ ಇದರ ಸಾಧ್ಯವೇನು? ಟ್ರಕ್ಕು ಆ ಮರದಡಿಗೆ ಬಂದಿತ್ತೆಂಬುದಷ್ಟೆ. ಕೊಂದವನಾರೆಂಬುದನ್ನು ಬೀಜಕೋಶವು ಹೇಳದು; ಸುಳ್ಳಾಡಿದವನಾರೆಂಬುದನ್ನು ಹೇಳೀತು.

ಇಂತಹ ಸಾಮ್ಯವು ಆಕಸ್ಮಿಕವಾಗಿ ಒದಗುವ ಸಂಭವದ ಅಂಕಿಯನ್ನು ನ್ಯಾಯಾಧೀಶರು ಜೂರಿಯ ಮುಂದೆ ಬರಗೊಡಲಿಲ್ಲ. ಇದು ಯುಕ್ತವೇ: ಕೆಲವೇ ಮರಗಳನ್ನು ಕಂಡು ಲಕ್ಷಗಳ ಲೆಕ್ಕ ಹೇಳುವಲ್ಲಿ ವ್ಯಾಪ್ತಿಯು ಸಿದ್ಧಿಸದು. ಸಾಮ್ಯವನ್ನು ಮಾತ್ರ ಸಾಕ್ಷ್ಯವಾಗಿ ಸ್ವೀಕರಿಸಿದರು. ೧೯೯೫ರಲ್ಲಿ ಮೇಲಣ ನ್ಯಾಯಸ್ಥಾನವು ಶಿಕ್ಷೆಯನ್ನು ಸ್ಥಿರಪಡಿಸಿತು.