ಟ್ರಾನ್ಸಿಸ್ಟರಿನ ರಸಿಕರಿಗೊಂದು ಕೈಪಿಡಿ

ದೀಪ ಹತ್ತಿತು, ಆರಿತು ಎಂಬಲ್ಲಿಗೇ ನೋಟ ನಿಂತರೆ ಟ್ರಾನ್ಸಿಸ್ಟರಿನ ಅರ್ಧ ಸೊಗಸು ತಪ್ಪಿಹೋಗುತ್ತದೆ. ಎಷ್ಟಕ್ಕೆ ಎಷ್ಟು ಹತ್ತಿತು ಎಂದು ಕೇಳಿದವರಿಗೆ ಮಾತ್ರ ಅದು ಪೂರ್ತಿ ಒಲಿಯುತ್ತದೆ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೈನ್ ಜರ್ಮೇನಿಯಂ ತುಣುಕಿನಲ್ಲಿ ಮೊದಲು ಕಂಡದ್ದೂ, ಕಿರಿದು ಹಿರಿದಾಗುವ ಈ ವರ್ಧನೆಯನ್ನೇ.

ಬೇಕಾದ ಸಾಮಾನು ಅಗ್ಗ: ಬ್ರೆಡ್‌ಬೋರ್ಡ್, 9 ವೋಲ್ಟ್ ಬ್ಯಾಟರಿ, ಬಿಸಿ547 ಟ್ರಾನ್ಸಿಸ್ಟರ್, ಕೆಂಪು ಎಲ್‌ಇಡಿ, ಮಲ್ಟಿಮೀಟರ್, ಜೊತೆಗೆ 470 ಓಮ್, 47 ಕಿಲೋಓಮ್, 470 ಕಿಲೋಓಮ್, 1 ಮೆಗಾಓಮ್ ರೆಸಿಸ್ಟರುಗಳು. ಬೆಂಗಳೂರಿನವರಿಗೆ ಎಲ್ಲವೂ ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ.

ಮೊದಲು ಟ್ರಾನ್ಸಿಸ್ಟರ್ ಇಲ್ಲದೆ ನೋಡಿ. ಬ್ಯಾಟರಿ, 1 ಮೆಗಾಓಮ್, ಎಲ್‌ಇಡಿ, ಇಷ್ಟನ್ನೇ ಸಾಲಾಗಿ ಜೋಡಿಸಿ. ಹರಿಯುವುದು ಸುಮಾರು 7 ಮೈಕ್ರೋಆಂಪಿಯರ್. ಹಗಲಿನಲ್ಲಿ ಎಲ್‌ಇಡಿ ಹತ್ತಿದೆ ಎಂದೇ ಅನಿಸದು. ಈ ಮಂಕನ್ನು ನೆನಪಿಟ್ಟುಕೊಳ್ಳಿ.

ಈಗ ಹೆಚ್ಚುಕಡಿಮೆ ಅಷ್ಟೇ ಕರೆಂಟನ್ನು ಟ್ರಾನ್ಸಿಸ್ಟರಿನ ಬೇಸಿಗೆ ಕೊಡಿ. ಚಪ್ಪಟೆ ಮುಖ ನಿಮ್ಮತ್ತ, ಕಾಲುಗಳು ಕೆಳಕ್ಕೆ ಇರುವಂತೆ ಬಿಸಿ547 ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರ್ ಬ್ಯಾಟರಿಯ ಮೈನಸ್ಸಿಗೆ. ಪ್ಲಸ್ಸಿನಿಂದ 470 ಓಮ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲು ಕಲೆಕ್ಟರಿಗೆ. 1 ಮೆಗಾಓಮ್ ಪ್ಲಸ್ಸಿನಿಂದ ಬೇಸಿಗೆ. ಎಲ್‌ಇಡಿ ಸ್ಪಷ್ಟವಾಗಿ ಬೆಳಗುತ್ತದೆ.

ಬೆರಗಾಗಿ ಬಿಟ್ಟುಬಿಡಬೇಡಿ, ಅಳೆಯಿರಿ. ಬೇಸಿನಲ್ಲಿ ಸುಮಾರು 0.7 ವೋಲ್ಟ್ ನಿಲ್ಲುವುದರಿಂದ ಅಲ್ಲಿಗೆ ಹೋಗುವುದು 8 ಮೈಕ್ರೋಆಂಪಿಯರ್ ಆಸುಪಾಸು. 470 ಓಮಿನ ಎರಡು ತುದಿಗಳ ನಡುವೆ 1.2 ವೋಲ್ಟ್ ಕಂಡರೆ, ಎಲ್‌ಇಡಿಯಲ್ಲಿ ಹರಿಯುತ್ತಿರುವುದು ಸುಮಾರು 2.5 ಮಿಲಿಆಂಪಿಯರ್. ಅಂದರೆ ಮುನ್ನೂರು ಪಟ್ಟು!

ಈ ಹೆಚ್ಚುವರಿ ಕರೆಂಟನ್ನು ಟ್ರಾನ್ಸಿಸ್ಟರ್ ಹುಟ್ಟಿಸಿಲ್ಲ, ಕೊಟ್ಟದ್ದು ಬ್ಯಾಟರಿ. ಎಮಿಟರಿನಿಂದ ನುಗ್ಗುವ ಎಲೆಕ್ಟ್ರಾನುಗಳಿಗೆ ಎದುರಾಗುವ ಬೇಸ್ ಪದರ ಬಲು ತೆಳು. ಅಲ್ಲಿ ಕೆಲವು ಮಾತ್ರ ಕಳೆದುಹೋಗುತ್ತವೆ, ಮಿಕ್ಕವೆಲ್ಲ ದಾಟಿ ಕಲೆಕ್ಟರ್ ಸೇರುತ್ತವೆ. ಬೇಸಿನ ಕಿರು ಕರೆಂಟು ಆ ಕೊರತೆಯನ್ನು ತುಂಬುತ್ತಿದ್ದರೆ ಸಾಕು, ದೊಡ್ಡ ಪ್ರವಾಹ ಸಾಗುತ್ತಲೇ ಇರುತ್ತದೆ. ತೆಳುವಾಗಿರುವುದೇ ಅದರ ಬಲ.

ಪ್ರಮಾಣವನ್ನೂ ಮಿತಿಯನ್ನೂ ನೋಡಿ. 1 ಮೆಗಾಓಮ್ ತೆಗೆದು 470 ಕಿಲೋಓಮ್ ಹಾಕಿ. ಬೇಸಿನ ಕರೆಂಟು ಇಮ್ಮಡಿಗಿಂತ ತುಸು ಹೆಚ್ಚಾಗುತ್ತದೆ, ಎಲ್‌ಇಡಿಯದ್ದೂ ಹಾಗೆಯೇ. ಇನ್ನು 47 ಕಿಲೋಓಮ್ ಹಾಕಿ. ಬೇಸಿನದು ಹತ್ತು ಪಟ್ಟಾದರೂ ಎಲ್‌ಇಡಿಯ ಕರೆಂಟು 14 ಮಿಲಿಆಂಪಿಯರ್ ಹತ್ತಿರ ನಿಂತುಬಿಡುತ್ತದೆ. 9 ವೋಲ್ಟ್ ಬ್ಯಾಟರಿ 470 ಓಮ್ ಮತ್ತು ಎಲ್‌ಇಡಿ ಎರಡರ ಮೂಲಕ ಕೊಡಬಲ್ಲದ್ದೇ ಅಷ್ಟು. ಆ ಮಿತಿಯೊಳಗೆ ನಡೆದರೆ ಸಂಗೀತದ ಆಂಪ್ಲಿಫೈಯರ್. ಮಿತಿ ಮುಟ್ಟುವುದು, ಪೂರ್ತಿ ನಿಲ್ಲುವುದು, ಈ ಎರಡು ತುದಿಗಳನ್ನಷ್ಟೇ ಬಳಸಿದರೆ ಸ್ವಿಚ್ಚು. ವಾಲ್ಯೂಮ್ ಮಿತಿಮೀರಿದಾಗ ಹಾಡು ಒಡೆದು ಕೇಳುವುದಕ್ಕೂ ಇಂಥ ಮಿತಿಯೇ ಕಾರಣ.

ಕೊನೆಗೆ ಟ್ರಾನ್ಸಿಸ್ಟರನ್ನೇ ಬದಲಿಸಿ. ಮತ್ತೆ 1 ಮೆಗಾಓಮ್ ಹಾಕಿ, ಇನ್ನೊಂದು ಬಿಸಿ547 ಚುಚ್ಚಿ ಅಳೆಯಿರಿ. ಮುನ್ನೂರರ ಬದಲು ಇನ್ನೂರೋ ನಾನೂರೋ ಬಂದೀತು. ಹೆಸರು ಒಂದೇ ಆದರೂ ಗುಣ ಒಂದೇ ಅಲ್ಲ. ಅದಕ್ಕೇ ನುರಿತ ವಿನ್ಯಾಸಕಾರರು ಈ ಅಂಕಿಯನ್ನು ನೆಚ್ಚಿಕೊಳ್ಳದೆ, ಯಾವ ಟ್ರಾನ್ಸಿಸ್ಟರ್ ಸಿಕ್ಕರೂ ಒಂದೇ ರೀತಿ ನಡೆಯುವ ಸರ್ಕ್ಯೂಟ್ ಕಟ್ಟುತ್ತಾರೆ. ಮುಂದೆ ಯಾವ ಸರ್ಕ್ಯೂಟ್ ನಕ್ಷೆ ಕೈಗೆ ಬಂದರೂ ಮೊದಲು ಅದನ್ನೇ ಹುಡುಕಿ: ಈ ಏರುಪೇರನ್ನು ಇಲ್ಲಿ ಯಾವ ರೆಸಿಸ್ಟರ್ ಹಿಡಿದಿಟ್ಟಿದೆ?